ಅಪ್ಪನಿಗೆ ಎಷ್ಟು ಸೆಕೆಂಡ್?

ಮಾರ್ಚ್ 4, ಸಂಜೆ

ಇವತ್ತೂ ಒಂದಿಷ್ಟು ಸ್ಕ್ಯಾನ್ ಆಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಲೆನ್ಸ್ ಒರೆಸುವುದು, ಮನೆಗೆ ಬಂದು ಹಳೇ ಫೋಟೋಗಳ ಧೂಳು ಒರೆಸುವುದು. ಇದೇ ತಿಂಗಳು ಇಪ್ಪತ್ತೆರಡಕ್ಕೆ ಮದುವೆ. ಅಮ್ಮನದು. ಹೌದು, ಅಮ್ಮನದೇ — ಬರೆಯುವಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತದೆ. ಅಪ್ಪ ಹೋಗಿ ಆರು ವರ್ಷ. ಐವತ್ತೆಂಟರಲ್ಲಿ ಕಾರು ಕಲಿಯಲು ಹೋದವಳು ಕಲಿಸಿದವರನ್ನೇ ಒಪ್ಪಿಕೊಂಡು ಬಂದಳು. ಡ್ರೈವಿಂಗ್ ಸರ್. ಅಮ್ಮ ಈಗಲೂ 'ಸರ್' ಎಂದೇ ಕರೆಯುತ್ತಾಳೆ.

ಊಟದ ಹಾಲ್‌ನಲ್ಲಿ ತೋರಿಸಲು ಫೋಟೋ ಮಾಂಟಾಜ್, ಹಳೇ ಫೋಟೋ ಪೋಣಿಸಿದ ವೀಡಿಯೋ — ನನ್ನದೇ ಐಡಿಯಾ. ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಫೋಟೋ ಎಳೆದು ಟೈಮ್‌ಲೈನಿನಲ್ಲಿ ಸಾಲಾಗಿ ಬಿಡುವುದು, ಸುಲಭ. ತಲೆನೋವು ಬೇರೆಯೇ. ಅಮ್ಮ ನಗುವ ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ಅಪ್ಪ.

ಮಾರ್ಚ್ 6

ತಮ್ಮನಿಗೆ ಫೋನ್ ಮಾಡಿದೆ.

"ಕ್ರಾಪ್ ಮಾಡಕ್ಕಾ. ಅವರ ಮದುವೆ ದಿನ ಅಪ್ಪನ್ನ ತೋರಿಸಿದ್ರೆ ಆ ಸರ್‌ಗೆ ಹೇಗಾಗಬೇಡ?"

ಕ್ರಾಪ್ ಮಾಡಿದೆ. ಅಪ್ಪ ಹೋದರು, ಅಮ್ಮನ ಹೆಗಲ ಮೇಲೆ ಅವರ ಬೆರಳು ಉಳಿದವು. ಇನ್ನಷ್ಟು ಕತ್ತರಿಸಿದೆ. ಬೆರಳೂ ಹೋದವು, ಅಮ್ಮನ ಕಿವಿಯೂ ಹೋಯಿತು.

ಎದ್ದೆ. ಕೂತೆ. ಟೀ ಮಾಡಿದೆ, ಆರಿಹೋಯಿತು, ಚೆಲ್ಲಿದೆ.

ಮಾರ್ಚ್ 9, ಭಾನುವಾರ ಬೆಳಿಗ್ಗೆ

ಬೆನ್ನ ಹಿಂದೆ ಅಮ್ಮ ಬಂದು ನಿಂತದ್ದೇ ಗೊತ್ತಾಗಲಿಲ್ಲ. ಪೂರ್ತಿ ನೋಡಿದಳು.

"ಚೆನ್ನಾಗಿದೆ. ಯಾರಿದು?"

"ನೀನೇ ಅಮ್ಮ!"

"ನಾನು ಯಾವತ್ತು ಇಷ್ಟು ಒಂಟಿಯಾಗಿ ನಿಂತಿದ್ದೆ ಹೇಳು? ಮೂವತ್ತು ವರ್ಷ ಸಂಸಾರ ಮಾಡಿದ್ದು ಗೋಡೆ ಜೊತೆ ಅಲ್ಲ ಕಣೇ."

'ಅನ್‌ಡೂ' ಒತ್ತಿದೆ... ಒತ್ತುತ್ತಲೇ ಇದ್ದೆ. ಅಪ್ಪ ಒಂದೊಂದೇ ಫೋಟೋಗೆ ವಾಪಸ್ ಬಂದರು.

ಮಾರ್ಚ್ 12

ಡ್ರೈವಿಂಗ್ ಸರ್ ಅಂಗಡಿಗೆ ಬಂದರು. ಕನ್ನಡಕದ ಸ್ಕ್ರೂ ಸಡಿಲ ಎಂದರು. ಆಗಿರಲಿಲ್ಲ. ತಿರುಗಿಸಿದ ಹಾಗೆ ಮಾಡಿದೆ.

"ವೀಡಿಯೋದಲ್ಲಿ ನಿಮ್ಮಪ್ಪನೂ ಇರ್ತಾರಂತೆ... ನಿಮ್ಮಮ್ಮ ಹೇಳಿದ್ಲು."

"ಹೂಂ ಸರ್."

"ಇರ್ಲಿ ಅನ್ನೋಕೆ ದೊಡ್ಡ ಮನಸ್ಸು ಬೇಕು. ನನ್ನದು ಅಷ್ಟು ದೊಡ್ಡದಿಲ್ಲಮ್ಮ. ಎಲ್ಲರೆದುರು, ಮುಂದಿನ ಸಾಲಲ್ಲಿ ಕೂತು... ನನ್ನ ಕೈಲಾಗಲ್ಲ. ಅವಳಿಗೆ ಹೇಳ್ಬೇಡ."

ಇಷ್ಟು ನೇರವಾಗಿ ಹೇಳಿದವರ ಮೇಲೆ ಸಿಟ್ಟಾಗುವುದೂ ಕಷ್ಟ.

ಸಂಜೆಯೇ ಅಮ್ಮನಿಗೆ ಹೇಳಿಬಿಟ್ಟೆ. ಬಾಯಿ ನಿಲ್ಲಲಿಲ್ಲ. ಅಮ್ಮ ಕಾರಿನ ಕೀ ತೆಗೆದುಕೊಂಡು ಒಬ್ಬಳೇ ಹೊರಟುಹೋದಳು.

ಮಾರ್ಚ್ 17

ಬರೆಯಲು ಮನಸ್ಸೇ ಇರಲಿಲ್ಲ. ಅವತ್ತು ಅಮ್ಮ ಸರ್ ಮನೆಗೇ ಹೋಗಿ ಜಗಳ ಆಡಿ ಬಂದಿದ್ದಾಳೆ. ಅಂದಿನಿಂದ ಅವರ ಸುಳಿವಿಲ್ಲ. ಫೋನೂ ಇಲ್ಲ. ಹಾಲ್‌ನವನು ಎಷ್ಟು ಜನ ಎಂದು ಕೇಳಿದ, ನಾಳೆ ಹೇಳುತ್ತೇನೆ ಎಂದೆ. ಅಮ್ಮ ಒಗೆದ ಚಾದರಗಳನ್ನೇ ಮತ್ತೆ ಒಗೆಯುತ್ತಿದ್ದಾಳೆ.

"ಮದುವೆ ಇದೆಯೋ ಇಲ್ವೋ ಅಮ್ಮ?"

"ಅವರನ್ನೇ ಕೇಳು."

ಹಾಳು ಮಾಂಟಾಜ್. ಯಾಕಾದರೂ ಶುರು ಮಾಡಿದೆನೋ.

ಮಾರ್ಚ್ 19

ಬಂದರು! ಬಾಗಿಲಲ್ಲೇ, "ಹಾಕಮ್ಮ, ಮೊದಲು ಇಲ್ಲೇ ನೋಡ್ತೀನಿ." ಅಮ್ಮ ಅಡುಗೆಮನೆಯಿಂದ ಆಚೆ ಬರಲಿಲ್ಲ.

ಸೈಕಲ್ ಹಿಡಿದ ಅಪ್ಪ. ನನ್ನನ್ನು ಎತ್ತಿಕೊಂಡ ಅಪ್ಪ. ಮತ್ತೆ ಅಪ್ಪ.

"ಇಷ್ಟೊಂದಾ?"

"ಮೂವತ್ತು ವರ್ಷ, ಸರ್." ಒಳಗಿಂದಲೇ ಅಮ್ಮ.

"ಒಂದು ಸಾಕು."

"ಮೂರು."

"ಎರಡು. ಒಂದೊಂದಕ್ಕೂ ಮೂರು ಸೆಕೆಂಡ್."

"ಐದು. ಅವರು ನಿಧಾನದ ಮನುಷ್ಯ."

ಸರ್ ನಗು ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ಅಮ್ಮ ಕೈ ಒರೆಸಿಕೊಳ್ಳುತ್ತ ಆಚೆ ಬಂದಳು. ನನ್ನ ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತು ಚೌಕಾಸಿ. ಎರಡು ಫೋಟೋ, ತಲಾ ನಾಲ್ಕು ಸೆಕೆಂಡಿಗೆ ಇತ್ಯರ್ಥ.

ಮಾರ್ಚ್ 22

ಹಾಲ್‌ನ ಪಕ್ಕದ ಕೋಣೆ. ಬೆಳಿಗ್ಗೆ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಆಯಿತು. ಊಟಕ್ಕೆ ಮೊದಲು ಲೈಟ್ ಆರಿಸಿ ವೀಡಿಯೋ ಹಾಕಿದೆ.

ಪರದೆ ನೋಡಲಿಲ್ಲ ನಾನು. ಅವರಿಬ್ಬರನ್ನೇ ನೋಡುತ್ತಿದ್ದೆ. ಅಪ್ಪ ಬಂದಾಗ ಸರ್ ತಲೆ ತಗ್ಗಿಸಿದರು. ಎರಡನೇ ಸಲವೂ. ನೋಡಲೇ ಇಲ್ಲ. ಆದರೆ ಎದ್ದು ಹೋಗಲಿಲ್ಲ. ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ದಾಟಿದ ಮೇಲೆ ಮೊಣಕೈಯಿಂದ ಮೆಲ್ಲಗೆ ತಿವಿದಳು. ಅವರು ತಲೆ ಎತ್ತಿದರು.

ಕ್ರಾಪ್ ಮಾಡು ಎಂದಿದ್ದ ತಮ್ಮ ನನ್ನ ಪಕ್ಕ ನಿಂತು ಸೊರ ಸೊರ ಮೂಗು ಎಳೆದುಕೊಳ್ಳುತ್ತಿದ್ದ.

ಗ್ರೂಪ್ ಫೋಟೋಗೆ ಕೂಗುತ್ತಿದ್ದಾರೆ. ಸರ್ ದನಿ.

"ಎಲ್ಲಿ ನಮ್ಮ ಹುಡುಗಿ? ಅವಳು ಬರೋವರೆಗೂ ಯಾರೂ ಕ್ಲಿಕ್—"