ಅಜ್ಜನನ್ನು ಕೇಳದೆ ಮಾಡಿದ ಅಳತೆ

ಅಳತೆ ಕೋಣೆಯಿಂದ,
ಫೆಬ್ರವರಿ ೧೨, ಗುರುವಾರ ಸಂಜೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಹೊಸ ಕೆಲಸದಲ್ಲಾದರೂ ಒರಗುವ ಕುರ್ಚಿ ಕೊಟ್ಟಿದ್ದಾರೆ ಎಂದುಕೊಂಡಿದ್ದೇನೆ. ಇಲ್ಲಿ ನಾಲ್ಕು ವರ್ಷ ನಿನ್ನನ್ನು ಕುಂಟು ಸ್ಟೂಲಿನ ಮೇಲೆ ಕೂರಿಸಿದವಳು ನಾನೇ. ಅಮ್ಮ ಚೆನ್ನಾಗಿದ್ದಾಳೆ, ನನ್ನೊಡನೆ ಮಾತು ಮಾತ್ರ ಅಷ್ಟಕ್ಕಷ್ಟೆ. ಮರೆತು ನಿನ್ನ ತಟ್ಟೆ ತೆಗೆದುಕೊಂಡರೆ "ಅದು ಅವನ್ದು, ಬೇರೆ ತಗೋ" ಅನ್ನುತ್ತಾಳೆ. ನಾನು ಬೇರೆ ತೆಗೆದುಕೊಳ್ಳುತ್ತೇನೆ.

ಆ ಬೆಳ್ಳಿ ಕಣಗಳ ಬಣ್ಣ ಬಯಲಾಯಿತು ಕಣೋ. ಸೌರಕೋಶದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ ಹರಡಿದರೆ ಅವು ಬೆಳಕನ್ನು ಓರೆಯಾಗಿ ತಿರುಗಿಸುತ್ತವೆ, ಆ ತೆಳು ಪದರದೊಳಗೇ ಅದು ಹೆಚ್ಚು ದೂರ ಓಡಾಡುತ್ತದೆ, ಕರೆಂಟು ಹೆಚ್ಚು ಬರುತ್ತದೆ ಎಂದು ಊರಿಗೆಲ್ಲ ಡಂಗುರ ಹೊಡೆದಿದ್ದೆನಲ್ಲ. ನನ್ನ ಅಳತೆಯಲ್ಲಿ ನೂರಕ್ಕೆ ಹನ್ನೆರಡು ಹೆಚ್ಚಿತ್ತು. ಮರುದಿನ ನೀನು ಅಳೆದಾಗ ಬರಿಯ ಕೋಶಕ್ಕಿಂತಲೂ ಎರಡು ಕಡಿಮೆ. "ಕಣಗಳೇ ಸ್ವಲ್ಪ ಬೆಳಕು ನುಂಗ್ತಿವೆ ಅಕ್ಕಾ" ಎಂದು ಮೆಲ್ಲಗೆ ಹೇಳಿದೆ ನೀನು. ನಾನೋ, ಪ್ರಯೋಗಶಾಲೆ ನಡೆಸುವ ಮೇಷ್ಟ್ರೂ ಕೂತಿದ್ದಾಗ, ಎಲ್ಲರೆದುರಿಗೆ, "ನಿನ್ನ ಕೈಗೆ ಕೊಟ್ರೆ ಬೆಳ್ಳಿನೂ ಬೂದಿ ಆಗುತ್ತೆ" ಎಂದೆ. ಇಡೀ ಪ್ರಯೋಗಶಾಲೆ 'ಗಡಿಯಾರ' ಎಂದು ಕರೆಯುತ್ತಿದ್ದ ಹುಡುಗ ಅಂದು ಕೆಲಸ ಕೆಡಿಸುವವನೆನಿಸಿಕೊಂಡ. ನೀನು ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದೆ. ಮೂರು ತಿಂಗಳಾಯಿತು.

ಮೊನ್ನೆ ಬೇರೊಂದು ಪ್ರಯೋಗಶಾಲೆಯವರು ಕಾಗದ ಬರೆದರು: ನಿಮ್ಮ ಲೇಖನದಲ್ಲಿ ಹೇಳಿದಂತೆಯೇ ಮಾಡಿದೆವು, ಏನೂ ಹೆಚ್ಚಲಿಲ್ಲ. ನಿನ್ನೆ, ಅಳತೆಯ ದೀಪದ ದಿನದಿನದ ಲೆಕ್ಕ ಬರೆದಿಡುವ ಪುಸ್ತಕ ತೆಗೆದೆ. ನಾನು ಅಳೆದ ದಿನ ಬೆಳಿಗ್ಗೆ ಬರಿಯ ಕೋಶಗಳು. ಮಧ್ಯಾಹ್ನ ಹಳೆಯ ಬಲ್ಬ್ ಸುಟ್ಟು ಹೊಸದು ಹಾಕಿದ್ದು. ಆಮೇಲೆ ಬೆಳ್ಳಿಯ ಕೋಶಗಳು. ಹೊಸ ಬಲ್ಬಿನ ಬೆಳಕೇ ಜಾಸ್ತಿ. ಆ ಹನ್ನೆರಡು ಬೆಳ್ಳಿಯದಲ್ಲ, ಬಲ್ಬಿನದು. ನೀನಾಗಿದ್ದರೆ ಮೊದಲು ನಮ್ಮ ಅಜ್ಜನನ್ನು, ಎಂದೂ ಲೆಕ್ಕ ತಪ್ಪದ ಆ ಹಳೆಯ ಕೋಶವನ್ನು, ದೀಪದಡಿ ಇಟ್ಟು, ಅದರ ಅಂಕಿ ಸರಿಬರುವವರೆಗೆ ದೀಪ ಏರಿಸಿ ಇಳಿಸಿ, ಆಮೇಲೆ ತಾನೇ ಮಿಕ್ಕದ್ದನ್ನು ಮುಟ್ಟುತ್ತಿದ್ದದ್ದು? "ಅಜ್ಜನ್ನ ಕೇಳದೆ ಹೆಜ್ಜೆ ಇಡ್ಬಾರ್ದು" ಎನ್ನುತ್ತಿದ್ದೆ ನೀನು. "ಅಜ್ಜನಿಗೆ ಕಾಫಿನೂ ಕೊಡು" ಎಂದು ನಗುತ್ತಿದ್ದೆ ನಾನು. ಅಂದು ಅವಸರದಲ್ಲಿ ಅಜ್ಜನನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ತುಂಬಾ ನಾಚಿಕೆಯಾಗುತ್ತಿದೆ.

ನಾಳೆ ಹತ್ತು ಗಂಟೆಗೆ ಮೇಷ್ಟ್ರನ್ನೂ ಎಲ್ಲರನ್ನೂ ಕೂರಿಸಿ, ನಿನ್ನ ಅಳತೆಯೇ ಸರಿ ಎಂದು ಹೇಳುತ್ತೇನೆ. ಅಚ್ಚಾದ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ. ನೀನು ಮರಳಿ ಬಾ ಎನ್ನಲು ನನಗೆ ಬಾಯಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನು ನೋಡಿಕೋ. ಹರಸುವ ಯೋಗ್ಯತೆ ನನ್ನಲ್ಲಿ ಉಳಿದಿದ್ದರೆ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳಿದೆ. ಪುಸ್ತಕ ತೆಗೆದದ್ದು ನಿನ್ನೆ, ನಿಜ. ಆದರೆ ಬಲ್ಬ್ ಬದಲಾಯಿಸಿದ್ದು ನನಗೆ ನೆನಪಾದದ್ದು ನಿನ್ನೆಯಲ್ಲ. ನೀನು ಬೀಗದ ಕೈಯನ್ನು ಮೇಜಿನ ಮೇಲಿಡುತ್ತಿದ್ದಾಗಲೇ. ನೀನು ಬಾಗಿಲು ದಾಟುವವರೆಗೂ ಕರೆಯಬಹುದಿತ್ತು. ನಾನು ಕರೆಯಲಿಲ್ಲ. ನಾಳೆ ಇದನ್ನೂ ಹೇಳುತ್ತೇನೆ.