ಮೇಲ್ಕೋಡಿಯಲ್ಲಿ ದೋಣಿ ಬರುವವರೆಗೆ

ಮೇಲ್ಕೋಡಿ, ಫೆಬ್ರುವರಿ ೩೦, ೨೨೧೪

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ, ಅದರಲ್ಲೂ ಶನಿವಾರ ಬಂತೆಂದರೆ ಕಡಲ ಕಡೆಗೆ ಗಾಡಿ ತಿರುಗಿಸುತ್ತಿದ್ದವರಿಗೆ, ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಬಾಕಿ ಕೆಲಸವನ್ನೆಲ್ಲ ಆ ಐದು ದಿನದಲ್ಲಿ ಮುಗಿಸುವುದಾಗಿ ಸರ್ಕಾರ ಹೇಳುತ್ತದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕನ್ನಡದಲ್ಲೇ ಓದಿ ಪದವಿ ಪಡೆದವನು ನಾನು, ಆದರೆ ಕನ್ನಡವೂ ಇಷ್ಟು ದೂರ ನಡೆದು ಬಂದಿದೆ, ಚಪ್ಪಲಿ ಸವೆದಿದೆ. ಪ್ರಾಸ ಸಿಕ್ಕರೆ ಬಿಡದ ಚಾಳಿಯೂ ನನಗುಂಟು, ಅದಕ್ಕೂ ಕ್ಷಮೆಯಿರಲಿ. ಈಗ ಕಾಗದ ಬರೆಯಲು ಕಾರಣ ಒಂದೇ: ಇಲ್ಲಿ ಯಾರೂ ಮಾತಾಡುವಂತಿಲ್ಲ. ದೋಣಿಯೊಂದು ಹೊರಗಿದೆ. ನನ್ನ ಹೆಂಡತಿಯ ದನಿಯೊಂದನ್ನೇ ನಂಬಿ ಅದು ದಡ ಸೇರಬೇಕಾಗಿದೆ.

ನಾವು ತುಮಕೂರಿನವರು. ನಮ್ಮೂರಿನಲ್ಲಿ ಬೀದಿಗೊಂದು ಗಾಳಿತೊಳಕವಿದೆ, ಧೂಳನ್ನು ತೊಳೆದು ಗಾಳಿಯನ್ನು ಬಿಡುವ ಯಂತ್ರ. ಅದು ಹಗಲಿರುಳು ಗುಡುಗುವುದರಿಂದ ಗಂಡಹೆಂಡಿರು ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡುತ್ತಾರೆ. ಧೂಳು ಕವಿದಾಗ ನಮ್ಮಲ್ಲೊಂದು ನಡವಳಿಕೆಯಿದೆ, ಹೆಸರುಕೂಗು ಎನ್ನುತ್ತೇವೆ. ಹೊರಗೆ ಹೋದವರು ಕಣ್ಣಿಗೆ ಕಾಣದಾದರೆ ಮನೆಯವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಹೊರಗಿನವರು ಓಗೊಡಬೇಕು. ಓಗೊಡುವ ತನಕ ಕೂಗು ನಿಲ್ಲಿಸುವಂತಿಲ್ಲ. ಓಗೊಡದವರನ್ನು ಮರುದಿನ ಹುಡುಕಲು ಹೊರಡುವವರು ಬಿಳಿಬಟ್ಟೆ ಹಿಡಿದೇ ಹೊರಡುತ್ತಾರೆ. ಹಾಗಾಗಿ ನಮ್ಮಲ್ಲಿ ಕೂಗದ ಹೆಂಡತಿ ಕಲ್ಲು ಮನಸ್ಸಿನವಳು, ಓಗೊಡದ ಗಂಡ ಸತ್ತವನು.

ಇಂಥ ಊರಿನಿಂದ ಎರಡು ದಿನ ತಪ್ಪಿಸಿಕೊಳ್ಳಲು ಮೇಲ್ಕೋಡಿಗೆ ಬಂದೆವು. ‘ಶನಿವಾರ ಬನ್ನಿ, ಸದ್ದಿಲ್ಲದೆ ಉಣ್ಣಿ’ ಎಂದು ಪ್ರವಾಸದ ಕಂಪನಿಯವರು ಗೋಡೆಗೋಡೆಗೆ ಬರೆಸಿದ್ದರು. ಪ್ರಾಸಕ್ಕೆ ಮರುಳಾಗಿ ದುಡ್ಡು ಕಟ್ಟಿದೆ. ನಿಮ್ಮ ಕಾಲದ ಊರು ನೀರಿನಡಿ ಹೋಗಿದೆ, ಜನ ಗುಡ್ಡದ ಬುಡಕ್ಕೆ ಸರಿದು ಈ ಮೀನುಗಾರರ ಊರನ್ನು ಕಟ್ಟಿಕೊಂಡಿದ್ದಾರೆ. ಮನೆಗಳೆಲ್ಲ ಹಳೆ ದೋಣಿಯ ಹಲಗೆಯವು. ಬಾಗಿಲಿನ ಕೊಕ್ಕೆಗೆ ಬಟ್ಟೆ ಸುತ್ತಿರುತ್ತಾರೆ. ಪಾತ್ರೆಗಳು ಮರದವು, ಕೋಳಿಗಳಿದ್ದರೂ ಹುಂಜವಿಲ್ಲ, ಮಕ್ಕಳು ಮರಳಿನ ಮೇಲೆ ಕೈಸನ್ನೆಯಲ್ಲೇ ಜಗಳವಾಡುತ್ತವೆ. ಶನಿವಾರ ಸಂಜೆ ಸುಟ್ಟ ಬಂಗುಡೆ, ಗಂಜಿ, ಒಂದಿಷ್ಟು ಉಪ್ಪಿನಕಾಯಿ. ಇದು ನೀವು ತಿನ್ನುತ್ತಿದ್ದ ಬಂಗುಡೆಯೇ ಅಥವಾ ಅದರ ಹೆಸರಿಟ್ಟುಕೊಂಡ ಬೇರೆ ಮೀನೇ, ನನಗೆ ಗೊತ್ತಿಲ್ಲ. ಎಂಥ ನೆಮ್ಮದಿ ಎಂದು ನನ್ನ ಹೆಂಡತಿ ಮೇದಿನಿ ಮತ್ತೆ ಮತ್ತೆ ಹೇಳಿದಳು. ಆ ನೆಮ್ಮದಿ ನಮಗಾಗಿ ಮಾಡಿಟ್ಟದ್ದಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕಡಲಿನ ಮೇಲೆ ಈಗ ಬಿಳಿಮುಸುಕು ಇಳಿಯುತ್ತದೆ. ನಿಮ್ಮ ಮಂಜು ಬಿಸಿಲಿಗೆ ಕರಗುತ್ತಿತ್ತಂತೆ. ಇದು ಬಂದರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕೂತಿರುತ್ತದೆ. ದಾರಿ ತೋರಿಸಲು ನೀವು ಆಕಾಶಕ್ಕೆ ಕಳಿಸಿದ ಉಪಗ್ರಹಗಳು ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆದವು. ಈಗ ಇರುಳು ಸುಮ್ಮನೆ ಹೊಳೆಯುತ್ತವೆ, ನಿವೃತ್ತ ಅಧಿಕಾರಿಗಳಂತೆ, ಬೆಳಕುಂಟು, ಕೆಲಸವಿಲ್ಲ. ಆದ್ದರಿಂದ ದೋಣಿಗಳು ಕಿವಿಯಿಂದ ದಡಕ್ಕೆ ಬರುತ್ತವೆ. ದೋಣಿ ದಡಕ್ಕೆ ಏರುವ ಜಾಗದಲ್ಲಿ ಒಬ್ಬ ಹೆಂಗಸು ನಿಂತು ಕರೆಪದ ಹೇಳುತ್ತಾಳೆ. ಆ ಪದವನ್ನು ಆ ಜಾಗ ಬಿಟ್ಟು ನೆಲದ ಮೇಲೆ ಇನ್ನೆಲ್ಲೂ ಹೇಳುವಂತಿಲ್ಲ. ಮನೆಯಲ್ಲಿ ಗುನುಗುವಂತಿಲ್ಲ, ಮಗುವಿಗೆ ಕಲಿಸಬೇಕಾದರೂ ಅಲ್ಲಿಗೇ ಕರೆತರಬೇಕು. ಪ್ರಾಸದ ಆಸೆಗೆ ನಾನು ಊಟದ ಹೊತ್ತಿನಲ್ಲಿ ಕೇಳಿದರೆ, ಪದ ಹೇಳುವ ಅಕ್ಕಣಿ ಎಂಬ ಮುದುಕಿ ನನ್ನ ಎಲೆಗೆ ಇನ್ನೊಂದು ಮೀನು ಬಡಿಸಿ ಬಾಯಿ ಮುಚ್ಚಿಸಿದರು. ಹೇಳಬೇಕಾದ್ದನ್ನು ಅವರು ಬಂದ ಕೂಡಲೇ ಹೇಳಿದ್ದರು: “ಹ್ವಾಯ್, ಉಣ್ಕಂಡ್ ಕೂಕಣಿ. ದೋಣಿ ಬಪ್ಪವರಿಗೆ ನೆಗ್ಯಾಡುಕಿಲ್ಲೆ, ಕೂಗುಕಿಲ್ಲೆ.” ದೋಣಿ ಬರುವವರೆಗೆ ನಗುವಂತಿಲ್ಲ, ಕೂಗುವಂತಿಲ್ಲ ಎಂಬ ಮಾತಿಗೆ ನಾವು ತಲೆಯಾಡಿಸಿದೆವು. ಊರಿನ ಬೋರ್ಡುಗಳಿಗೆ ತಲೆಯಾಡಿಸುವ ಹಾಗೆ.

ಭಾನುವಾರ ಬೆಳಿಗ್ಗೆ ಅಕ್ಕಣಿಯ ಮಗ ಬಸವ ಮೊಗವೀರ ನನ್ನನ್ನು ದೋಣಿಗೆ ಹತ್ತಿಸಿಕೊಂಡ. ಮೇದಿನಿ ಬರಲಿಲ್ಲ, ಊರಿನ ಎಡತುದಿಯ ಬಂಡೆಗಳ ಮೇಲೆ ಕೂತು ಓದುತ್ತೇನೆ ಎಂದಳು. ಬಲೆ ಎಳೆದು ಮುಗಿಸುವಷ್ಟರಲ್ಲಿ ಬಿಳಿಮುಸುಕು ಇಳಿಯಿತು. ನನ್ನ ಕೈಯೇ ನನಗೆ ಬೇರೆಯವರದ್ದೆಂಬಂತೆ ಕಂಡಿತು. ದೂರದಿಂದ ಅಕ್ಕಣಿಯ ಪದ ಕೇಳಿತು, ವಯಸ್ಸಾದ ಸಣ್ಣ ದನಿ. ಅದರ ಮೇಲೆ ಇನ್ನೊಂದು ದನಿ ಬಂದು ಬಿತ್ತು. ಮೇದಿನಿ ನನ್ನ ಹೆಸರು ಕೂಗುತ್ತಿದ್ದಳು.

“ಅದ್ ನಿಮ್ಮನಿಯವ್ರಾ?” ಎಂದ ಬಸವ.

ಹೌದೆಂದೆ.

“ಎಲ್ಲ್ ನಿಂತಿರ್ ಅವ್ರ್?”

“ಬಂಡೆಗಳ ಮೇಲೆ.”

ಹುಟ್ಟು ಹಾಕುತ್ತಿದ್ದ ಮೂವರೂ ಕೈ ನಿಲ್ಲಿಸಿದರು. ನಾನು ಓಗೊಡಲು ಬಾಯಿ ತೆರೆದೆ. ಬಸವ ನನ್ನ ಮೊಣಕೈ ಹಿಡಿದ. “ಬ್ಯಾಡ. ನೀವ್ ಓ ಅಂದ್ರೆ ಅವ್ರ್ ಅಲ್ಲೇ ನಿಂತ್ ಮತ್ತೂ ಕರೀತ್ರ್. ಅಬ್ಬಿ ದನಿ ನಮ್ಗ್ ಸಿಕ್ಕುದಿಲ್ಲೆ.” ಅಬ್ಬಿ ಎಂದರೆ ಇಲ್ಲಿಯವರಿಗೆ ತಾಯಿ.

ಹಿರಿಯರೇ, ತುಮಕೂರಿನ ಗಂಡಸೊಬ್ಬ ಹೆಂಡತಿಯ ಕೂಗಿಗೆ ಓಗೊಡದೆ ಕೂತಿರುವುದು ಏನೆಂದು ನಿಮಗೆ ಹೇಗೆ ತಿಳಿಸಲಿ? ಮೊದಲು ಅವಳ ದನಿಯಲ್ಲಿ ಸಿಡುಕಿತ್ತು, ಊಟಕ್ಕೆ ಕರೆಯುವಾಗಿನ ಸಿಡುಕು. ಆಮೇಲೆ ಅದು ಹೋಯಿತು. ಆಮೇಲೆ ಹೆಸರು ಹೋಗಿ ಬರೀ ದನಿ ಉಳಿಯಿತು. ನಾನು ಬದುಕಿದ್ದೆ, ಬಾಯಿಯೂ ಇತ್ತು, ಆದರೂ ಅವಳ ಮಟ್ಟಿಗೆ ಗಳಿಗೆಗಳಿಗೆಗೂ ಸಾಯುತ್ತಿದ್ದೆ. ಅಲೆ ನಮ್ಮನ್ನು ಆ ದನಿಯ ಕಡೆಗೇ ತಳ್ಳುತ್ತಿತ್ತು. ಅಕ್ಕಣಿಯ ಪದ ಈಗ ಕೇಳಿಸುತ್ತಲೇ ಇರಲಿಲ್ಲ. ಬಂಡೆಗೆ ನೀರು ಬಡಿಯುವ ಸದ್ದು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

ಆಮೇಲೆ ಮೇದಿನಿಯ ಕೂಗೂ ನಿಂತಿತು. ಅದಕ್ಕಿಂತ ಕೆಟ್ಟದ್ದು ಬೇರೆ ಇರಲಿಲ್ಲ. ಕೂಗುವಾಗ ನಿಲ್ಲಲಿ ಎಂದು ಬೇಡಿಕೊಂಡವನು, ನಿಂತ ಮೇಲೆ ಕೂಗಲಿ ಎಂದು ಬೇಡಿಕೊಂಡೆ. ಬಸವ ಹುಟ್ಟನ್ನು ಬಂಡೆಯ ಕಡೆಗೆ ಚಾಚಿ ಹಿಡಿದಿದ್ದ, ತಾಗಿದರೆ ತಳ್ಳೋಣವೆಂದು. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ. ಬಲಗಡೆಯಿಂದ ದನಿ ಬಂತು.

ಬಾ ದೋಣಿ ಬಾ, ಮರಳಿನ ಮನೆಗೆ,
ತಾ ಜೀವ ತಾ, ಅಬ್ಬಿಯ ಧ್ವನಿಗೆ.

ಮೇದಿನಿಯೇ. ಏದುಸಿರಿನಲ್ಲಿ, ಪರೀಕ್ಷೆಗೆ ಉರುಹೊಡೆದವಳಂತೆ. ‘ಹೊಯ್ಗಿಯ ಮನಿಗೆ, ಅಬ್ಬಿಯ ದನಿಗೆ’ ಎಂದಿರಬೇಕಾದ ಪದವನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಪ್ರಾಸದ ಕಾಲು ಮುರಿದಿದ್ದಳು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕೆಟ್ಟ ಪ್ರಾಸ ಕೇಳಿಲ್ಲ. ಬಸವ ಆಗಲೇ ದೋಣಿ ತಿರುಗಿಸಿದ್ದ. “ಅಬ್ಬಿ ಎಳ್ಕಂಡ್ ಬಂದ್ ನಿಲ್ಸಿರ್,” ಎಂದ. ಆ ಪದವನ್ನು ದೋಣಿ ಏರುವ ಜಾಗದಲ್ಲಲ್ಲದೆ ಬೇರೆಲ್ಲೂ ಯಾರೂ ಹೇಳಿಕೊಡುವುದಿಲ್ಲ. ಹಾಗಾದರೆ ಅವಳು ಅಲ್ಲೇ ನಿಂತಿರಬೇಕು. ಅಷ್ಟೇ ನಂಬಿಕೆಯ ಮೇಲೆ ಐದು ಜನ ಬಿಳಿಯೊಳಗೆ ಹುಟ್ಟು ಹಾಕಿದೆವು, ಮರಳು ತಾಗಿತು. ದೋಣಿಯವರ ಕಿವಿ ಆಗಲೇ ಬಂಡೆಯ ಮೇಲಿನ ದನಿಯನ್ನೇ ಹಿಡಿದಿರಬೇಕೆಂದು ಊಹಿಸಿ, ಅಕ್ಕಣಿ ತಮ್ಮ ಪದ ನಿಲ್ಲಿಸಿ, ಬಂಡೆಯ ತನಕ ಹೋಗಿ, ಮೇದಿನಿಯ ಕೈ ಹಿಡಿದು ಕರೆತಂದಿದ್ದರು. ದಡದಲ್ಲಿ ಅವಳು ನನ್ನ ತೋಳು ಹಿಡಿದುಕೊಂಡೂ ಪದ ಹೇಳುತ್ತಲೇ ಇದ್ದಳು. ಅಕ್ಕಣಿ ಅವಳ ಬೆನ್ನು ಸವರಿ, “ಸಾಕ್ ಹೆಣ್ಣೇ, ಬಂದ ಕಾಣ್. ಗಂಡ ಎಲ್ಲ್ ಹೋತ? ಕಡಲಿಗೆ ಹಿಂಬಾಗ್ಲಿಲ್ಲೆ,” ಎಂದರು.

ನಾವು ಅಂದೇ ಘಟ್ಟ ಹತ್ತಬೇಕಿತ್ತು. ಇಲ್ಲಿಯ ಕಟ್ಟಳೆ ಬೇರೆ: ಮುಸುಕಿನಲ್ಲಿ ದೋಣಿ ಯಾವ ದನಿಗೆ ಬಂತೋ, ಮುಸುಕು ಹರಿಯುವ ತನಕ ಅದೇ ದನಿ ಕರೆಯಬೇಕು. ನಡುವೆ ಬದಲಿಸಿದರೆ ಹುಟ್ಟು ಹಾಕುವವರ ಕಿವಿ ಅನುಮಾನಿಸುತ್ತದೆ, ಅನುಮಾನಿಸಿದ ಕಿವಿ ಬಂಡೆಗೆ ಹೋಗುತ್ತದೆ. ಯಾರೂ ಒತ್ತಾಯಿಸಲಿಲ್ಲ. ಮೇದಿನಿಯೇ ಚೀಲ ಇಳಿಸಿದಳು. ಭಾನುವಾರದ ಬಸ್ಸು ನಮ್ಮನ್ನು ಬಿಟ್ಟು ಹೋಯಿತು, ಆಮೇಲಿನದೂ ಹೋಯಿತು. ಮುಸುಕು ಹೋಗಿಲ್ಲ.

ಈ ಹೊತ್ತು ಬಸವನೂ ಆ ಮೂವರೂ ಹೊರಗಿದ್ದಾರೆ, ಬರಬೇಕಾದ ಹೊತ್ತು ಮೀರಿದೆ. ಬಸವನ ಹೆಂಡತಿ ನನ್ನ ಪಕ್ಕದಲ್ಲಿ ಮೊಣಕಾಲು ಅಪ್ಪಿ ಕೂತಿದ್ದಾಳೆ. ಮೇದಿನಿಯ ಗಂಟಲು ಒಡೆದಿದೆ. ನೀರು ಕೊಡುವುದು ಬಿಟ್ಟು ನಾನೇನೂ ಮಾಡಲಾರೆ.

ನಿಮಗೆ ದೋಣಿ ದೂರದಿಂದಲೇ ಕಾಣುತ್ತಿತ್ತಂತೆ, ಮೊದಲು ಚುಕ್ಕೆಯಾಗಿ, ಆಮೇಲೆ ದೋಣಿಯಾಗಿ, ಆಮೇಲೆ ಅದರಲ್ಲಿನ ಮನುಷ್ಯರಾಗಿ. ಅಂಥದ್ದೊಂದು ದಡಕ್ಕೆ ಹೋದರೆ, ಒಂದು ದೋಣಿ ಬರುವುದನ್ನು ಮೊದಲಿನಿಂದ ಕೊನೆಯ ತನಕ ನಿಂತು ನೋಡಿ. ಚೀಲ ಇಳಿಸುವ ಮೊದಲು, ಹಾಡು ಹಾಕುವ ಮೊದಲು, ಹೊರಗೆ ಯಾರಿದ್ದಾರೆಂದು ಕೇಳಿ.

ಮೇದಿನಿ ಉಸಿರೆಳೆದುಕೊಳ್ಳಲು ನಿಲ್ಲಿಸಿದ್ದಾಳೆ. ಈ ಬಿಡುವಿನಲ್ಲೇ ಹುಟ್ಟಿನ ಸದ್ದು ಕೇಳಿಸಬೇಕು. ಊರೆಲ್ಲ ಕಿವಿಯಾಗಿದೆ. ಹಿರಿಯರೇ, ದಯವಿಟ್ಟು ನೀವೂ ಒಂದು ಗಳಿಗೆ ಸುಮ್ಮನಿರಿ.