ಐದು ಜನಕ್ಕೆ ಎಳೆಯುವ ಫ್ಯಾನು

ಹಿನ್ನೀರಿನ ಈಚೆ ದಡ,
ಹೊಸನಗರ ತಾಲ್ಲೂಕು
18 ಫೆಬ್ರವರಿ 2025, ಮಂಗಳವಾರ

ಮಗಳೇ ಲಿಖಿತಾ,

ನಿನ್ನಪ್ಪನ ಆಶೀರ್ವಾದ. ನಾನು, ನಿನ್ನಣ್ಣ ದಿನೇಶ, ಅತ್ತಿಗೆ ಆಶಾ ಮೂವರೂ ಆರಾಮಾಗಿದ್ದೇವೆ. ಮಲ್ಪೆಯ ಸೆಕೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಅಂದುಕೊಂಡಿದ್ದೇನೆ. ಪಾರ್ಸಲ್ಲು ಬಂದು ತಿಂಗಳಾದರೂ ಒಂದಕ್ಷರ ಬರೆಯಲಿಲ್ಲ, ಅದು ನನ್ನದೇ ತಪ್ಪು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಯಾವಾಗಲೂ ನಾಲ್ಕು ಜನ ಇರುತ್ತಾರೆ. ನಮ್ಮ ಮನೆ ಮಾತು ಕೇಳಿಸಿಕೊಳ್ಳುವುದಲ್ಲದೆ ನಡುವೆ ಸಲಹೆ ಬೇರೆ ಕೊಡುತ್ತಾರೆ. ಅದೂ ಅಲ್ಲದೆ, ಸುಳ್ಳು ಯಾಕೆ ಹೇಳಲಿ, ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು.

ಆಶಾಗೆ ಮಾರ್ಚ್ ಕೊನೆಗೆ ದಿನ ಕೊಟ್ಟಿದ್ದಾರೆ. ಅವಳ ತವರಿನಲ್ಲಿ ನೋಡಿಕೊಳ್ಳುವವರಿಲ್ಲ. ಹೆರಿಗೆಗೆ ಇಲ್ಲಿಂದಲೇ ಬೋಟಿನಲ್ಲಿ ಆಚೆ ದಡಕ್ಕೆ, ಅಲ್ಲಿಂದ ಜೀಪಿನಲ್ಲಿ ಸಾಗರಕ್ಕೆ ಹೋಗಬೇಕು. ಅದಕ್ಕೇ ನಾನು ನಿನ್ನನ್ನು ಕೇಳಿದ್ದು ಒಂದೇ ಮಾತು: ಬೋಟಿನ ಫ್ಯಾನು ಮರದ ಬೊಡ್ಡೆಗಳಿಗೆ ಬಡಿದು ಬಡಿದು ಅಂಚು ಹೋಗಿದೆ, ಇದಕ್ಕಿಂತ ಜೋರಾಗಿ ಓಡುವಂಥದ್ದೊಂದು ಕಳಿಸು. ನೀವು ಕಲಿತವರು ಪ್ರೊಪೆಲ್ಲರ್ ಅನ್ನುತ್ತೀರಿ, ನಮಗೆ ಅದು ಫ್ಯಾನೇ.

ನೀನು ಕಳಿಸಿದ್ದೇನು? ಆಗುಂಬೆ ಮೇಲೆ ಬರುವ ಬಸ್ಸಿಗೆ ಹಾಕಿದ್ದೀಯ ಅಂತ ಬೆಳಗಾಗೆದ್ದು ತೀರ್ಥಹಳ್ಳಿ ಸ್ಟ್ಯಾಂಡಿಗೆ ಹೋಗಿ ಕಾದೆ. ಗಂಟು ಬಿಚ್ಚಿ ನೋಡಿದರೆ ಹಳೆಯದರಲ್ಲಿ ಹನ್ನೊಂದು ಅಂತ ಕೆತ್ತಿದ್ದ ಜಾಗದಲ್ಲಿ ಹೊಸದರಲ್ಲಿ ಎಂಟು ಅಂತಿದೆ. ನಮ್ಮ ಹುಡುಗಿಗೆ ಅಂಗಡಿಯವರು ಟೋಪಿ ಹಾಕಿದರು ಅಂದುಕೊಂಡೆ. ಆಮೇಲೆ ನೆನಪಾಯಿತು, ಅಂಗಡಿಯಲ್ಲಿ ಎಂಜಿನ್ ಬಿಚ್ಚಿ ಕೂಡಿಸುವವಳೇ ನೀನು.

ಜೊತೆಗಿದ್ದ ಚೀಟಿ ಓದಿದೆ. ಒಂದು ಸುತ್ತು ತಿರುಗಿದರೆ ಫ್ಯಾನು ಬೋಟನ್ನು ಎಷ್ಟು ಇಂಚು ಮುಂದೆ ನೂಕಬೇಕೋ ಅದೇ ಆ ಅಂಕಿ ಅಂತ ಬರೆದಿದ್ದೆ. ಬೋಟು ಖಾಲಿ ಇದ್ದಾಗ ದೊಡ್ಡ ಅಂಕಿ ಓಡುತ್ತದೆ, ತೂಕ ಬಿದ್ದಾಗ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆಗುಂಬೆ ಘಾಟಿಯಲ್ಲಿ ತುಂಬಿದ ಬಸ್ಸನ್ನು ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ ಅಂತ. ಓದಿ ನಕ್ಕೆ. ನಲವತ್ತು ವರ್ಷ ಈ ನೀರಿನ ಮೇಲೆ ಇದ್ದವನಿಗೆ, ಮುಳುಗಿದ ಊರಿನಲ್ಲಿ ಯಾರ ಮನೆ ಅಂಗಳದ ಹುಣಸೆ ಬೊಡ್ಡೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಿ ಎಂಜಿನ್ ಎತ್ತುವವನಿಗೆ, ನೆನ್ನೆ ಮೊನ್ನೆಯವಳು ಬಸ್ಸಿನ ಪಾಠ ಹೇಳುತ್ತಾಳೆ ಅನ್ನಿಸಿತು.

ಹೊಸದನ್ನು ಹಾಕಿ ಒಬ್ಬನೇ ಆಚೆ ದಡಕ್ಕೆ ಹೋದೆ. ಹಳೆಯದರಲ್ಲಿ ಒಂಬತ್ತು ನಿಮಿಷ ಆಗುತ್ತಿದ್ದದ್ದು ಹನ್ನೆರಡಾಯಿತು. ಬಿಚ್ಚಿ ಕೊಟ್ಟಿಗೆಯಲ್ಲಿ ಎಸೆದು ಹಳೆಯದನ್ನೇ ಹಾಕಿದೆ. ನಿನಗೆ ಬರೆಯದೆ ಮುಖ ಊದಿಸಿಕೊಂಡಿದ್ದೆ.

ಬುದ್ಧಿ ಹೇಳಿದವಳು ಆಶಾ. ಹೋದ ವಾರ ಬಸಳೆ ಕೊಯ್ಯುತ್ತಾ ತಣ್ಣಗೆ ಕೇಳಿದಳು, "ಮಾವ, ನೀವ್ ಒಬ್ರೇ ಹೋಗಿ ನೋಡಿದ್ರೆ ಎಂತ ಗೊತ್ತಾಗ್ತೈತೆ? ನಾನೇನು ಒಬ್ಳೇ ಬೋಟ್ ಬಿಟ್ಕಂಡು ಹೆರಿಗೆಗೆ ಹೋಗ್ತೀನಾ?"

ಕೊಟ್ಟಿಗೆಗೆ ಹೋಗಿ ಹೊಸ ಫ್ಯಾನು ಹುಡುಕಿ ತಂದೆ. ಶುಕ್ರವಾರ ಬೆಳಿಗ್ಗೆ ನಾನು, ದಿನೇಶ, ಪಕ್ಕದ ಮನೆ ಕೆರಿಯಪ್ಪ, ಅವನ ಹೆಂಡತಿ ಕನ್ನಮ್ಮ ನಾಲ್ವರೂ ಹತ್ತಿದೆವು. ಆಶಾಳ ಬದಲಿಗೆ ಒಂದು ಮೂಟೆ ಭತ್ತ ಇಟ್ಟೆವು. ಕನ್ನಮ್ಮ ಆ ಮೂಟೆಗೂ ಲೈಫ್ ಜಾಕೆಟ್ ಕಟ್ಟಿ, "ಬಸ್ರಿ ಹೆಂಗ್ಸು, ಹುಷಾರಾಗಿ ಬಿಡ್ರಿ" ಅಂದಳು. ಹೊಸ ಫ್ಯಾನು ಎರಡು ಮಾರು ಹೋಗುವಷ್ಟರಲ್ಲಿ ಬೋಟಿನ ಮೂತಿ ಇಳಿಸಿ ನೀರಿನ ಮೇಲೆ ಹತ್ತಿಸಿಬಿಟ್ಟಿತು ಮಗಾ. ಎಂಜಿನ್ನಿನ ದನಿಯೇ ಬೇರೆ, ಗೊಣಗಾಟವೇ ಇಲ್ಲ. ಆಚೆ ದಡ ಮುಟ್ಟಿದಾಗ ದಿನೇಶ ಮೊಬೈಲು ನೋಡಿ ಹದಿನಾಲ್ಕು ನಿಮಿಷ ಅಂದ. ನೀನು ಗೆದ್ದೆ, ನಿನ್ನಪ್ಪ ಸೋತ. ಸೋತಿದ್ದಕ್ಕೆ ಇಷ್ಟು ಖುಷಿಯಾಗಿದ್ದು ಇದೇ ಮೊದಲು. ನನ್ನ ಮಗಳು ಮಲ್ಪೆಯಲ್ಲಿ ಎಂಜಿನ್ ರಿಪೇರಿ ಮಾಡುತ್ತಾಳೆ ಅಂತ ಆ ದಡದಲ್ಲಿ ನಿಂತಿದ್ದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ.

ಕೆರಿಯಪ್ಪ ಮಾತ್ರ ಮೂರು ದಿನದಿಂದ ಮಾತು ಬಿಟ್ಟಿದ್ದಾನೆ. "ಮಂಜಣ್ಣ, ಹಳೇ ಫ್ಯಾನು ಸುಮ್ನೆ ಯಾಕ್ ಇಟ್ಕಂತೀಯ, ನಂಗ್ ಕೊಡು, ಬೋಟ್ ಹಗುರ ಇದ್ರೆ ಓಡ್ತೈತಲ್ಲ, ನಾ ಹಾಕ್ಕಂತೀನಿ" ಅಂದ. ಕೊಡಲ್ಲ ಅಂದೆ. "ತುಕ್ಕು ಹಿಡಿಸ್ತೀಯೇ ಹೊರತು ನಂಗ್ ಕೊಡಲ್ಲ, ಅಲ್ವಾ?" ಅಂತ ಬೈದು ಹೋದ. ಅವನ ಬೋಟಿನಲ್ಲಿ ಕನ್ನಮ್ಮ ದಿನಾ ಬಲೆ ಹಿಡಿದು ಕೂರುತ್ತಾಳೆ. ಯಾಕೆ ಕೊಡಲಿಲ್ಲ ಅಂತ ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ದಿನೇಶನಿಗೂ ಈಗ ಫ್ಯಾನು ಬಿಚ್ಚಿ ಹಾಕುವುದು ಕಲಿಸಿದ್ದೇನೆ. ಬೊಡ್ಡೆಗೆ ಬಡಿದಾಗ ಮುರಿಯುವ ಫ್ಯಾನಿನ ಪಿನ್ನು, ನೀನು ಹೇಳಿದಂತೆ ಎರಡು ಹೆಚ್ಚಿಗೆ ಬೋಟಿನಲ್ಲೇ ಕಟ್ಟಿಟ್ಟಿದ್ದೇವೆ. ಹೆರಿಗೆ ಹೊತ್ತಿಗೆ ಎರಡು ದಿನ ರಜೆ ಹಾಕಿ ಬಾ. ದೇವರು ನಿನಗೆ ಆಯುಸ್ಸು ಆರೋಗ್ಯ ಕೊಡಲಿ ಅಂತ ವರದಹಳ್ಳಿಗೆ ಹೋದಾಗ ಕೇಳಿಕೊಂಡಿದ್ದೇನೆ. ಕೈಗೆ ಗ್ರೀಸು ಹತ್ತಿದರೂ ಊಟಕ್ಕೆ ಮೊದಲು ಸರಿಯಾಗಿ ತೊಳೆದುಕೋ.

ನಿನ್ನ ಅಪ್ಪ,
ಮಂಜುನಾಥಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಶುಕ್ರವಾರ ಆಚೆ ದಡದಿಂದ ವಾಪಸು ಬರುವಾಗ ನಾನು ಹಳೆಯ ಫ್ಯಾನು ಹಾಕಿಸಿದೆ. ಸುಮ್ಮನೆ ಹೋಲಿಸಿ ನೋಡೋಣ ಅಂದೆ. ಅದೇ ನಾಲ್ವರು, ಅದೇ ಮೂಟೆ. ಬೋಟು ಮೂತಿ ಎತ್ತಿಕೊಂಡು ತೆವಳಿತು. ಇಪ್ಪತ್ತಾರು ನಿಮಿಷ.

ನಾಲ್ಕು ವರ್ಷದ ಹಿಂದೆ ನಿನ್ನ ಅಮ್ಮನಿಗೆ ಎದೆನೋವು ಬಂದ ಮಧ್ಯಾಹ್ನ ಬೋಟಿನಲ್ಲಿ ನಾವು ಐದು ಜನ ಇದ್ದೆವು. ಎಂಜಿನ್ ಜೊತೆ ಬಂದಿದ್ದ ಒಂಬತ್ತರ ಫ್ಯಾನು ಬಿಚ್ಚಿ ಹನ್ನೊಂದು ಹಾಕಿ ಆಗಿನ್ನೂ ಎರಡು ತಿಂಗಳು. ಮೀನು ತಗೊಳ್ಳುವ ವ್ಯಾನಿನ ಹತ್ತಿರ ಕೆರಿಯಪ್ಪನಿಗಿಂತ ಮೊದಲು ಮುಟ್ಟಬೇಕು ಅನ್ನುವ ಹಠ ನನಗೆ, ಅಷ್ಟಕ್ಕೇ ಹಾಕಿದ್ದು. ನಿನ್ನ ಅಮ್ಮ ನನ್ನ ಕಾಲಿನ ಮೇಲೆ ತಲೆ ಇಟ್ಟು ಮಲಗಿ, ಆ ನೋವಿನಲ್ಲೂ ಕೇಳಿದಳು, "ಏನ್ರೀ, ಕೆರಿಯಪ್ಪಣ್ಣನ್ನ ಸೋಲ್ಸೋ ಬೋಟು ಇದೇನಾ?" ಎಂಜಿನ್ ಕೆಟ್ಟಿದೆ ಅಂತ ನಾನು ಅದಕ್ಕೆ ಬೈಯುತ್ತಾ ಕೂತಿದ್ದೆ. ಹತ್ತು ನಿಮಿಷ ಮೊದಲು ಬಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಶುಕ್ರವಾರ ನನಗೆ ಸಿಕ್ಕಿದ ಲೆಕ್ಕ ಹನ್ನೆರಡು ನಿಮಿಷ.

ಮನೆಗೆ ಬಂದು ನಿನ್ನ ಚೀಟಿ ಮತ್ತೆ ತೆಗೆದೆ. ಹಿಂಬದಿಯಲ್ಲೂ ಬರೆದಿದ್ದೀಯ ಅಂತ ಆಗಲೇ ನೋಡಿದ್ದು. "ಅಪ್ಪಾ, ಇದು ಐದು ಜನ ಕೂತರೂ ಎಳೆಯುತ್ತೆ. ಹಳೇದನ್ನ ನನಗೆ ಕಳಿಸು. ಅದು ಇನ್ಯಾರ ಬೋಟಿಗೂ ಹೋಗೋದು ಬೇಡ."

ಅಮ್ಮನ ಹನ್ನೊಂದನೇ ದಿನ ನೀನು ದಡದಲ್ಲಿ ಎಂಜಿನ್ನಿನ ಫ್ಯಾನಿನ ಹತ್ತಿರ ಬಗ್ಗಿ ಕೂತಿದ್ದೆ. ಅಳುತ್ತಿದ್ದೀಯ ಅಂದುಕೊಂಡು ನಾನು ಹತ್ತಿರ ಬರಲಿಲ್ಲ. ಅದಾಗಿ ತಿಂಗಳಿಗೇ ಕಾಲೇಜು ಬಿಟ್ಟು ಎಂಜಿನ್ ಕೆಲಸ ಕಲಿಯುತ್ತೇನೆ ಅಂದಾಗ ಹುಚ್ಚು ಹಠ ಅಂತ ಬೈದಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಪ್ರತಿ ದೀಪಾವಳಿಗೂ ಬಂದೆ, ನಾನು ಮಾಡಿದ ಮೀನುಸಾರು ಉಂಡೆ, ಅಪ್ಪಾ ಅಂತಲೇ ಕರೆದೆ.

ನಾಳೆ ಬೆಳಿಗ್ಗೆ ಮೊದಲು ಕೆರಿಯಪ್ಪನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ. ಆಮೇಲೆ ತೀರ್ಥಹಳ್ಳಿಗೆ ಹೋಗಿ ಈ ಕಾಗದವನ್ನೂ ಹಳೆಯ ಫ್ಯಾನನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತೇನೆ. ಅಂಚು ಚೂಪಾಗಿದೆ ಮಗಾ, ಬಿಚ್ಚುವಾಗ ಕೈ ಜೋಪಾನ.